ಕ್ಯಾಟಗರಿ ಬಿಡಿ, ನಿಂತಿರುವ ನೆಲ ಎಷ್ಟು ಎತ್ತರ ಹೇಳಿ

ಹರಿಕೇನ್ ಅನ್ನುವ ಚಂಡಮಾರುತಗಳನ್ನು ಬೆನ್ನಟ್ಟಿ ಹೋಗುವ ತಂಡಗಳಿಗೆ ಹವಾಮಾನ ನೋಡಿ ಜಾಗ ಹೇಳುವುದು ನನ್ನ ಕೆಲಸ. ಅಮೆರಿಕದ ಗಲ್ಫ್ ಕರಾವಳಿಯಲ್ಲಿ ಸೀಸನ್ ಶುರುವಾದರೆ ಸಾಕು, ಹೊಸ ಚೇಸರ್‌ಗಳು ಒಂದೇ ಪ್ರಶ್ನೆ ಹಿಡಿದು ಬರುತ್ತಾರೆ. ಕ್ಯಾಟಗರಿ, ಅಂದರೆ ಹರಿಕೇನ್‌ಗೆ ಕೊಡುವ ಒಂದರಿಂದ ಐದರವರೆಗಿನ ಅಂಕೆ, ಎಷ್ಟು? ಎರಡು ಅಂದರೆ "ಅಷ್ಟೇನಾ, ಹಾಗಾದ್ರೆ ಬೀಚ್ ಪಕ್ಕದಲ್ಲೇ ಇರ್ತೀವಿ" ಅನ್ನುತ್ತಾರೆ. ಕ್ಯಾಮೆರಾ, ಹೆಲ್ಮೆಟ್, ಗಾಳಿ ಅಳೆಯುವ ಯಂತ್ರ ಎಲ್ಲ ಇರುತ್ತದೆ. ನೀವು ನಿಲ್ಲುವ ಜಾಗ ಸಮುದ್ರಕ್ಕಿಂತ ಎಷ್ಟು ಅಡಿ ಮೇಲಿದೆ ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಕ್ಯಾಟಗರಿ ಅಂದರೆ ಗಾಳಿ. ಬರೀ ಗಾಳಿ. ನೀರಿನ ಬಗ್ಗೆ ಅದು ಒಂದು ಮಾತೂ ಹೇಳುವುದಿಲ್ಲ. ಹಿಂದೆ ಈ ಅಂಕೆಗಳ ಪಟ್ಟಿಯಲ್ಲಿ, ಅದರ ಹೆಸರು ಸಫಿರ್-ಸಿಂಪ್ಸನ್, ಸರ್ಜ್, ಅಂದರೆ ಚಂಡಮಾರುತ ದಡಕ್ಕೆ ನೂಕುವ ಸಮುದ್ರದ ನೀರಿನ ಎತ್ತರವೂ ಇತ್ತು. ಲೆಕ್ಕ ತಾಳೆಯಾಗದೆ ಜನ ಮೋಸಹೋಗುತ್ತಿದ್ದರು, ಅದಕ್ಕೇ 2010ರಲ್ಲಿ ಅದನ್ನು ಕಿತ್ತುಹಾಕಿದರು. ಆದರೆ ಜನರ ತಲೆಯಿಂದ ಹೋಗಿಲ್ಲ.

ಫ್ಲೋರಿಡಾದ ಕಾಯೋ ಕೋಸ್ಟಾ ದ್ವೀಪವನ್ನೇ ನೋಡಿ. 2004ರಲ್ಲಿ ಚಾರ್ಲಿ ಅನ್ನುವ ಹರಿಕೇನ್ ಅಲ್ಲೇ ದಡ ಹತ್ತಿತು. 2022ರಲ್ಲಿ ಇಯಾನ್ ಕೂಡ ಅಲ್ಲೇ. ಎರಡೂ ಕ್ಯಾಟಗರಿ ನಾಲ್ಕು, ಎರಡರ ಗಾಳಿಯೂ ಗಂಟೆಗೆ 150 ಮೈಲಿ. ಚಾರ್ಲಿ ಪುಟ್ಟದಾಗಿತ್ತು, ಸರ್ಜ್ ಆರೇಳು ಅಡಿಗೆ ನಿಂತಿತು. ಇಯಾನ್ ಅಗಲಕ್ಕೆ ಹರಡಿಕೊಂಡು ಬಂತು, ಫೋರ್ಟ್ ಮೈಯರ್ಸ್ ಬೀಚ್‌ನಲ್ಲಿ ನೀರು 10ರಿಂದ 15 ಅಡಿ ಏರಿತು. ಸರ್ಜ್ ಒಂದರಲ್ಲೇ 40ಕ್ಕೂ ಹೆಚ್ಚು ಜನ ಸತ್ತರು. ಚಾರ್ಲಿಯಲ್ಲಿ ಏನೂ ಆಗಲಿಲ್ಲ, ಇದರಲ್ಲೇನಾಗುತ್ತೆ ಅಂತ ಮನೆಯಲ್ಲೇ ಕೂತಿದ್ದವರನ್ನು ನಾನು ಬೈಯಲಾರೆ, ಅವರ ಮನೆ ಅದು. ಬಾಡಿಗೆ ಕಾರು ತಗೊಂಡು ವಿಡಿಯೋ ಮಾಡಲು ಬರುವವರಿಗೆ ಆ ನೆಪವೂ ಇಲ್ಲ.

ಸರ್ಜ್ ಯಾಕೆ ಏರುತ್ತದೆ? ಒತ್ತಡ ಕಡಿಮೆಯಾಗಿ ಸಮುದ್ರ ಉಬ್ಬುತ್ತದೆ ಅಂತ ಎಲ್ಲೋ ಓದಿರುತ್ತಾರೆ. ನಿಜ, ಆದರೆ ಗಾಳಿಯ ಒತ್ತಡ ಒಂದು ಮಿಲಿಬಾರ್ ಇಳಿದರೆ ನೀರು ಒಂದು ಸೆಂಟಿಮೀಟರ್ ಏರುವ ಲೆಕ್ಕ, ಎಂಥ ದೊಡ್ಡ ಚಂಡಮಾರುತಕ್ಕೂ ಒಂದು ಮೀಟರ್ ಆಸುಪಾಸು. ಉಳಿದದ್ದೆಲ್ಲ ಗಾಳಿ ನೂಕಿದ ನೀರು. ಗಲ್ಫ್‌ನ ತಳ ದಡದಿಂದ ಬಹಳ ದೂರದವರೆಗೆ ಆಳವಿಲ್ಲ. ನೂಕಿದ ನೀರಿಗೆ ಕೆಳಗೆ ಇಳಿದು ವಾಪಸ್ ಹೋಗಲು ಜಾಗ ಸಿಗುವುದಿಲ್ಲ, ಊರಿಗೇ ನುಗ್ಗುತ್ತದೆ. ಈ ಭಾಗದಲ್ಲಿ ಗಾಳಿ ಕಣ್ಣಿನ, ಅಂದರೆ ಚಂಡಮಾರುತದ ನಡುವಿನ ಶಾಂತ ಜಾಗದ, ಸುತ್ತ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ಹಾಗಾಗಿ ಚಂಡಮಾರುತ ಸಾಗುವ ದಾರಿಯ ಬಲಗಡೆ ನೀರು ದಡಕ್ಕೆ ಬರುತ್ತದೆ, ಎಡಗಡೆ ದಡ ಬಿಟ್ಟು ಹೋಗುತ್ತದೆ. ಇಯಾನ್ ದಿನ ಅದರ ದಾರಿಯ ಎಡಗಡೆ ಇದ್ದ ಟ್ಯಾಂಪಾ ಕೊಲ್ಲಿ ಖಾಲಿಯಾಗಿ, ಜನ ಆ ಒದ್ದೆ ತಳದ ಮೇಲೆ ಅಡ್ಡಾಡಿ ಫೋಟೋ ತೆಗೆದುಕೊಂಡರು. ಹೋದ ನೀರು ವಾಪಸ್ ಬರುತ್ತೆ ಕಣ್ರೀ!

ಇನ್ನೊಂದು ಗೊಂದಲ. ಮುನ್ಸೂಚನೆಯಲ್ಲಿ "6ರಿಂದ 10 ಅಡಿ" ಅಂದರೆ ಅದು ಸಾಮಾನ್ಯವಾಗಿ ಒಣಗಿರುವ ನೆಲದ ಮೇಲೆ ನಿಲ್ಲಬಹುದಾದ ನೀರು. ನಮ್ಮ ಜಾಗ ಐದು ಅಡಿ ಎತ್ತರದಲ್ಲಿದೆ, ಅಷ್ಟು ಕಳೆದುಬಿಡೋಣ ಅಂತ ಹೊರಡಬೇಡಿ. ಆ ವ್ಯಾಪ್ತಿಯೊಳಗೆ ನಿಮ್ಮ ರಸ್ತೆಗೆ ಎಷ್ಟು ಅಂತ ತಿಳಿಯಲು ಸರ್ಜ್ ನಕ್ಷೆ ನೋಡಬೇಕು. ಅಲೆಗಳು ಆ ನೀರಿನ ಮೇಲೆ ಬೇರೆ. ಒಂದು ಘನ ಮೀಟರ್ ಸಮುದ್ರದ ನೀರು ಒಂದು ಟನ್‌ಗಿಂತ ಜಾಸ್ತಿ ತೂಗುತ್ತದೆ. ಮೊಣಕಾಲುದ್ದ ಹರಿಯುವ ನೀರೇ ಕಾರನ್ನು ತೇಲಿಸಿಕೊಂಡು ಹೋಗಲು ಸಾಕು.

ಲ್ಯಾಂಡ್‌ಫಾಲ್, ಅಂದರೆ ಕಣ್ಣು ದಡ ಮುಟ್ಟುವ ಹೊತ್ತಿಗೆ ಓಡಿಹೋಗೋಣ ಅನ್ನುವುದಂತೂ ಆಗದ ಮಾತು. 2008ರಲ್ಲಿ ಐಕ್, ಅದೇ "ಬರೀ ಕ್ಯಾಟಗರಿ ಎರಡು", ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ದಡ ಮುಟ್ಟಿದ್ದು ಸೆಪ್ಟೆಂಬರ್ 12ರ ನಡುರಾತ್ರಿ ಕಳೆದು 13 ಆದ ಮೇಲೆ. ಪಕ್ಕದ ಬೊಲಿವರ್ ಪರ್ಯಾಯದ್ವೀಪದ ರಸ್ತೆಗೆ 12ರ ಬೆಳಿಗ್ಗೆಯೇ ನೀರು ಬಂದಿತ್ತು. ಗಾಳಿ ಇನ್ನೂ ಜೋರಾಗುವ ಮುಂಚೆಯೇ ದಾರಿ ಹೋಯಿತು. ಆಮೇಲೆ ಅಲ್ಲಿನ ಗಿಲ್‌ಕ್ರಿಸ್ಟ್ ಅನ್ನುವ ಊರು ಹೆಚ್ಚುಕಮ್ಮಿ ಅಳಿಸಿಯೇ ಹೋಯಿತು.

ನಾನು ಸಾಮಾನ್ಯವಾಗಿ ಹುಡುಕುವುದು ದಡದಿಂದ ಒಳಗಿರುವ ಕಾಂಕ್ರೀಟ್ ಪಾರ್ಕಿಂಗ್ ಕಟ್ಟಡ, ಅದರ ಮೇಲಿನ ಮಹಡಿ. ಅದು ಸುರಕ್ಷಿತ ಅಂತ ಹೇಳುತ್ತಿಲ್ಲ, ಕಟ್ಟಡದಿಂದ ಕಟ್ಟಡಕ್ಕೆ ವ್ಯತ್ಯಾಸವಿದೆ. ಸ್ಥಳೀಯ ಆಡಳಿತ ಖಾಲಿ ಮಾಡಿ ಅಂದರೆ ನನ್ನ ಮಾತಿಗಿಂತ ಅದು ದೊಡ್ಡದು. ಒಮ್ಮೆ ಒಬ್ಬ ಹುಡುಗ ಕಾರನ್ನು ಸಮುದ್ರಕ್ಕೆ ಮುಖಮಾಡಿ ನಿಲ್ಲಿಸಬೇಕು, ಫ್ರೇಮ್ ಚೆನ್ನಾಗಿ ಬರುತ್ತೆ ಅಂತ ಹಠ ಹಿಡಿದ. ಬೈದು ಮೂರನೇ ಮಹಡಿಗೆ ಹತ್ತಿಸಿದೆ. ಸಂಜೆಯವರೆಗೂ ನನ್ನ ಜೊತೆ ಮಾತೇ ಆಡಲಿಲ್ಲ. ಕಣ್ಣು ಬಂದು ಗಾಳಿ ನಿಂತು ಬಿಸಿಲು ಇಣುಕಿದಾಗ ಎಲ್ಲರಿಗಿಂತ ಮೊದಲು ಕೆಳಗೆ ಓಡಲು ಹೊರಟವನೂ ಅವನೇ! ಕಾಲರ್ ಹಿಡಿದು ನಿಲ್ಲಿಸಬೇಕಾಯಿತು. ಕಣ್ಣು ದಾಟಿದ ಮೇಲೆ ಗಾಳಿ ದಿಕ್ಕು ಬದಲಿಸುತ್ತದೆ, ಕೆಲವು ಜಾಗಗಳಲ್ಲಿ ನಿಜವಾದ ನೀರು ಬರುವುದೇ ಆಗ. ಒಳ್ಳೆಯ ಹುಡುಗ, ಈಗಲೂ ಬರುತ್ತಾನೆ.

ಕಾರಿನ ವಿಷಯ ಬಂತಲ್ವಾ, ಅದನ್ನೂ ಹೇಳಿಬಿಡುತ್ತೇನೆ. ಉಪ್ಪುನೀರಲ್ಲಿ ಮುಳುಗಿದ ಎಲೆಕ್ಟ್ರಿಕ್ ಕಾರನ್ನು ನೀರು ಇಳಿದ ತಕ್ಷಣ ಆನ್ ಮಾಡಲು ಹೋಗಬೇಡಿ, ಅದರ ಪಕ್ಕ ನಿಮ್ಮ ಗಾಡಿ ನಿಲ್ಲಿಸಲೂಬೇಡಿ. ಇಯಾನ್ ನಂತರ ಫ್ಲೋರಿಡಾದಲ್ಲಿ ಹಾಗೆ ನೆನೆದ ಕಾರುಗಳ ಬ್ಯಾಟರಿಗೆ ಬೆಂಕಿ ಹತ್ತಿತ್ತು, ಕೆಲವಕ್ಕೆ ದಿನಗಳು ಕಳೆದ ಮೇಲೆ.