ಎಂಎಂಎ ಲೆಜೆಂಡ್ ಪಟ್ಟ ಯಾರಿಗೆ? ಈ ಜಗಳ ಶುರುವಾದದ್ದು ಎಲ್ಲಿಂದ

ಜಾನ್ ಜೋನ್ಸ್ ದೊಡ್ಡವನಾ, ಫೆಡೊರ್ ಎಮೆಲಿಯಾನೆಂಕೊ ದೊಡ್ಡವನಾ, ಖಬೀಬ್‌ನ 29-0 (29 ಗೆಲುವು, ಸೋಲು ಒಂದೂ ಇಲ್ಲ) ಸಾಲದಾ? ಕುಸ್ತಿ, ಬಾಕ್ಸಿಂಗ್, ಒದೆತ ಎಲ್ಲ ಬೆರೆತ ಎಂಎಂಎ ಫೈಟ್ ನೋಡುವವರ ನಡುವೆ ಈ ವಾದ ಮುಗಿಯುವುದೇ ಇಲ್ಲ. ಒಬ್ಬೊಬ್ಬರೂ ಒಂದೊಂದು ಕಾಲದ ಅಳತೆಕೋಲು ಹಿಡಿದು ಮಾತಾಡುತ್ತಾರೆ, ಅಲ್ವಾ?

1993ರ ನವೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಯುಎಫ್‌ಸಿ ಅನ್ನುವ ಎಂಎಂಎ ಸಂಸ್ಥೆಯ ಮೊದಲ ಟೂರ್ನಿ ನಡೆದಾಗ ತೂಕದ ವರ್ಗಗಳೇ ಇರಲಿಲ್ಲ. ಒಂದೇ ರಾತ್ರಿ ಮೂವರನ್ನು ಸೋಲಿಸಿದವನೇ ಚಾಂಪಿಯನ್. ಬ್ರೆಜಿಲ್‌ನ ಸಣಕಲು ಮೈಯ ರಾಯ್ಸ್ ಗ್ರೇಸಿ ತನಗಿಂತ ದಾಂಡಿಗರನ್ನು ನೆಲಕ್ಕೆಳೆದು ಪಟ್ಟು ಹಾಕಿ ಸೋಲೊಪ್ಪಿಸಿದ. ಮೊದಲ 4 ಟೂರ್ನಿಗಳಲ್ಲಿ 3 ಅವನದೇ. ಆಮೇಲೆ ಯಾವ ಫೈಟರೂ ಅವನ ಈ ಪಟ್ಟಿನ ವಿದ್ಯೆ, ಜಿಯು ಜಿತ್ಸು, ಕಲಿಯದೆ ಒಳಗೆ ಕಾಲಿಡುವ ಹಾಗಿರಲಿಲ್ಲ. ಅವನ ಬಗ್ಗೆ ಜಾಸ್ತಿ ತಕರಾರಿಲ್ಲ.

ತೊಡಕು ಶುರುವಾದದ್ದು ಜಪಾನಿನಲ್ಲಿ. 1997ರಲ್ಲಿ ಅಲ್ಲಿ ಹುಟ್ಟಿದ ಪ್ರೈಡ್ ಅನ್ನುವ ಎಂಎಂಎ ಸಂಸ್ಥೆಯ ಫೈಟುಗಳಲ್ಲಿ ಬಿದ್ದವನ ತಲೆಗೂ ಒದೆಯಬಹುದಿತ್ತು. ಎಷ್ಟೋ ಸಲ ಇಬ್ಬರ ತೂಕಕ್ಕೂ ತಾಳೆಯೇ ಇರುತ್ತಿರಲಿಲ್ಲ. 2000ದ ಮೇ 1ರಂದು ಟೋಕಿಯೊ ಡೋಮ್‌ನಲ್ಲಿ ಜಪಾನಿನ ಫೈಟರ್ ಕಜುಶಿ ಸಕುರಾಬಾ ಇದೇ ಗ್ರೇಸಿಯ ಎದುರು ನಿಂತ. ಸುತ್ತುಗಳಿಗೆ ಮಿತಿ ಬೇಡ, ರೆಫರಿ ಮಧ್ಯೆ ನಿಲ್ಲಿಸುವುದೂ ಬೇಡ ಅನ್ನುವುದು ಗ್ರೇಸಿ ಕಡೆಯವರ ಷರತ್ತು. ಸಕುರಾಬಾ ಒಪ್ಪಿಕೊಂಡ. ಒಂದೇ ಥರದ ಮುಖವಾಡ ಹಾಕಿದ ಮೂವರು ರಿಂಗಿನ ಕಡೆ ನಡೆದು ಬಂದರು, ಅವರಲ್ಲಿ ಸಕುರಾಬಾ ಯಾರು ಅಂತಲೇ ಜನಕ್ಕೆ ಗೊತ್ತಾಗಲಿಲ್ಲ. ಆಟ ಶುರುವಾದ ಮೇಲೆ ಸಕುರಾಬಾ, ಗ್ರೇಸಿ ತೊಟ್ಟಿದ್ದ ದಪ್ಪ ಅಂಗಿಯನ್ನೇ ಹಿಡಿದು ಜಗ್ಗಾಡಿದ, ಕಾಲಿಗೆ ಒದ್ದು ಒದ್ದು ಹಣ್ಣು ಮಾಡಿದ. 15 ನಿಮಿಷದ 6 ಸುತ್ತು, ಒಟ್ಟು 90 ನಿಮಿಷ. ಕೊನೆಗೆ ಗ್ರೇಸಿಯ ಅಣ್ಣನೇ ಟವೆಲ್ ಎಸೆದು ಸೋಲೊಪ್ಪಿಕೊಂಡ.

ಅಷ್ಟಕ್ಕೇ ಮುಗಿಯಲಿಲ್ಲ. ಅದೇ ರಾತ್ರಿ ಸಕುರಾಬಾ ಉಕ್ರೇನಿನ ಹೆವಿವೇಟ್ ಇಗೋರ್ ವೊವ್ಚಾಂಚಿನ್ ಜೊತೆ ಇನ್ನೂ 15 ನಿಮಿಷ ಹೋರಾಡಿದ. ಆಮೇಲೆ ಸಕುರಾಬಾ ಕಡೆಯವರೇ ಸಾಕು ಅಂದರು. ಮುಂದೆ ವಾಂಡರ್ಲೇ ಸಿಲ್ವಾ ಕೈಯಲ್ಲಿ ಮೂರು ಸಲ ಸೋತ. ಇವತ್ತು ಅವನ ದಾಖಲೆಯಲ್ಲಿ 26 ಗೆಲುವು, 17 ಸೋಲು. ಬರೀ ಅಂಕಿ ನೋಡಿದವರು ಸುಮ್ನೆ ಮುಂದೆ ಹೋಗಿಬಿಡುತ್ತಾರೆ. ಅದು ಅನ್ಯಾಯ.

ರಷ್ಯಾದ ಫೆಡೊರ್‌ನದು ಇನ್ನೊಂದು ಗೋಜಲು. 2003ರಲ್ಲಿ ಆಗಿನ ಚಾಂಪಿಯನ್ ನೊಗೇರಾನಿಂದ ಪ್ರೈಡ್ ಬೆಲ್ಟ್, ಅಂದರೆ ಚಾಂಪಿಯನ್ ಪಟ್ಟ, ಕಸಿದ. 2004ರಲ್ಲಿ ಕೆವಿನ್ ರ್‍ಯಾಂಡಲ್‌ಮನ್ ಅವನನ್ನು ಎತ್ತಿ ತಲೆಕೆಳಗಾಗಿ ಬಡಿದ, ನೋಡಿದವರು ಕುತ್ತಿಗೆಯೇ ಹೋಯಿತು ಅಂದುಕೊಂಡಿರಬೇಕು. ಸ್ವಲ್ಪ ಹೊತ್ತಿಗೇ ಫೆಡೊರ್ ಅವನ ತೋಳು ತಿರುಚಿ ಗೆದ್ದಿದ್ದ. 2010ರಲ್ಲಿ ಬ್ರೆಜಿಲ್‌ನ ವೆರ್ಡಮ್ 69 ಸೆಕೆಂಡಿನಲ್ಲಿ ಮಣಿಸುವ ತನಕ ಸುಮಾರು ಹತ್ತು ವರ್ಷ ಸೋಲೇ ಇರಲಿಲ್ಲ. ಆದರೆ ಯುಎಫ್‌ಸಿಯಲ್ಲಿ ಒಮ್ಮೆಯೂ ಆಡಲಿಲ್ಲ.

ಟಿವಿ ಒಪ್ಪಂದ ಮುರಿದುಬಿದ್ದ ಮೇಲೆ 2007ರಲ್ಲಿ ಪ್ರೈಡ್ ಯುಎಫ್‌ಸಿ ಮಾಲೀಕರ ಪಾಲಾಯಿತು. ಅಲ್ಲಿಂದ ಅಳತೆಗೋಲು ಬೆಲ್ಟ್‌ನ ಲೆಕ್ಕ. ಆಂಡರ್ಸನ್ ಸಿಲ್ವಾ ಯುಎಫ್‌ಸಿಯಲ್ಲಿ ಸತತ 16 ಗೆದ್ದ, ಡಿಮಿಟ್ರಿಯಸ್ ಜಾನ್ಸನ್ ಸತತ 11 ಸಲ ಬೆಲ್ಟ್ ಉಳಿಸಿಕೊಂಡ. 2015ರಲ್ಲಿ ವರ್ಷವಿಡೀ ಡ್ರಗ್ ಪರೀಕ್ಷೆ ಬಂತು, ಹಳೆಯ ಗೆಲುವುಗಳ ಮೇಲೂ ಅನುಮಾನ ಬಿತ್ತು. ಜೋನ್ಸ್‌ನ 2017ರ ಒಂದು ಗೆಲುವು ಪರೀಕ್ಷೆಯಿಂದಾಗಿ ರದ್ದಾಯಿತು. ಅವನ ಒಂದೇ ಒಂದು ಸೋಲು, 2009ರದ್ದು, ಮೇಲಿನಿಂದ ನೇರ ಕೆಳಕ್ಕೆ ಮೊಣಕೈ ಹೊಡೆದದ್ದಕ್ಕೆ ಸಿಕ್ಕ ಅನರ್ಹತೆ. ಆ ಹೊಡೆತಕ್ಕೆ 2024ರಲ್ಲಿ ನಿಯಮವೇ ಅನುಮತಿ ಕೊಟ್ಟಿತು. ಈ ದಾಖಲೆಯಲ್ಲಿ ಯಾವುದನ್ನು ಎಣಿಸುವುದು, ಯಾವುದನ್ನು ಬಿಡುವುದು?

ಇದೇ ಪ್ರಶ್ನೆಯನ್ನು ಕೆನಡಾದ ಜಾರ್ಜಸ್ ಸೇಂಟ್ ಪಿಯರ್ ಬಗ್ಗೆ ಕೇಳಿ ನೋಡಿ. ಸೋತದ್ದು ಎರಡೇ ಸಲ, ಹ್ಯೂಸ್ ಮತ್ತು ಸೆರ್‍ರಾ ಎದುರು. ಇಬ್ಬರನ್ನೂ ಮತ್ತೆ ಕರೆದು ಸೋಲಿಸಿದ. 2013ರಲ್ಲಿ, ಯಾರೂ ಒತ್ತಾಯ ಮಾಡದಿದ್ದಾಗಲೇ, ಹೆಂಡ್ರಿಕ್ಸ್ ಜೊತೆಗಿನ ಫೈಟಿಗೆ ಮುಂಚೆ ತನಗೆ ಇನ್ನೂ ಕಟ್ಟುನಿಟ್ಟಿನ ಡ್ರಗ್ ಪರೀಕ್ಷೆ ಆಗಲಿ ಅಂತ ಕೇಳಿದವನು ಅವನು.