ಕಾಲೇಜಿಗಿಂತ ಜೈಲಿನಲ್ಲೇ ಜಾಸ್ತಿ ಅಂತೆ, ಹೌದಾ?

ಪ್ರಶ್ನೆ: ಅಮೆರಿಕದಲ್ಲಿ ಕಪ್ಪು ಹುಡುಗರು ಕಾಲೇಜಿಗಿಂತ ಜೈಲಿನಲ್ಲೇ ಜಾಸ್ತಿ ಇದ್ದಾರಂತೆ. ಹೀಗಿದ್ದ ಮೇಲೆ ಅವರನ್ನು ಕಾಲೇಜಿಗೆ ಕರೆತರುವ ಯೋಜನೆಗಳಿಂದ ಏನು ಪ್ರಯೋಜನ?

ಮೊದಲ ಅರ್ಧ ಸುಳ್ಳು. ಎರಡನೇ ಅರ್ಧ ಕೇಳಬೇಕಾದ ಪ್ರಶ್ನೆಯೇ, ಆದರೆ ಆ ಸುಳ್ಳನ್ನು ಪಕ್ಕಕ್ಕಿಡದೆ ಅದಕ್ಕೆ ಉತ್ತರ ಹೇಳಲು ಆಗುವುದಿಲ್ಲ.

ಅಮೆರಿಕದ ಕಾಲೇಜುಗಳ ಬಗ್ಗೆ ನಾನು ಏನೇ ಬರೆಯಲಿ, ವೀಸಾ ಇರಲಿ, ಫೀಸು ಇರಲಿ, ಯಾರಾದರೂ ಒಬ್ಬರು ಈ ಮಾತು ಎತ್ತಿಯೇ ಎತ್ತುತ್ತಾರೆ. ದಾವಣಗೆರೆಯಿಂದಲೂ ಕೇಳುತ್ತಾರೆ, ಡಲ್ಲಾಸ್‌ನಲ್ಲಿರುವ ನಮ್ಮವರೂ ಕೇಳುತ್ತಾರೆ. ಡಲ್ಲಾಸ್‌ನವರ ಆಫೀಸಿನಲ್ಲಿ ಪಕ್ಕದ ಸೀಟಿನಲ್ಲೇ ಡಿಗ್ರಿ ಮಾಡಿದ ಕಪ್ಪು ಯುವಕ ಕೂತಿರುತ್ತಾನೆ, ಆದರೂ ಕೇಳುತ್ತಾರೆ. ಉತ್ತರ ಹೇಳಿ ಹೇಳಿ ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಈ ಮಾತು ಹುಟ್ಟಿದ್ದು 2002ರಲ್ಲಿ. ವಾಷಿಂಗ್ಟನ್ನಿನ ಜಸ್ಟಿಸ್ ಪಾಲಿಸಿ ಇನ್‌ಸ್ಟಿಟ್ಯೂಟ್ ಒಂದು ವರದಿ ತಂದಿತು. 2000ದಲ್ಲಿ ಜೈಲಿನಲ್ಲಿದ್ದ ಕಪ್ಪು ಗಂಡಸರು 7,91,600, ಕಾಲೇಜಿನಲ್ಲಿದ್ದವರು 6,03,032 ಅಂತ ಅದರಲ್ಲಿತ್ತು. ವರದಿ ಬರೆದವರ ಉದ್ದೇಶ ಕೆಟ್ಟದ್ದೇನೂ ಅಲ್ಲ. ಸರ್ಕಾರಗಳು ಕ್ಲಾಸ್‌ರೂಮಿಗಿಂತ ಜೈಲುಕೋಣೆಗೆ ದುಡ್ಡು ಸುರಿಯುತ್ತಿವೆ ಅಂತ ಬೈಯುವುದು ಅವರಿಗೆ ಬೇಕಿತ್ತು. ಆದರೆ ಜನರ ತಲೆಯಲ್ಲಿ ಸರ್ಕಾರದ ಬಜೆಟ್ ಉಳಿಯಲಿಲ್ಲ, ಆ ಒಂದು ವಾಕ್ಯ ಉಳಿಯಿತು. 2007ರಲ್ಲಿ ಅಧ್ಯಕ್ಷ ಚುನಾವಣೆಗೆ ಓಡಾಡುತ್ತಿದ್ದ ಬರಾಕ್ ಒಬಾಮ ಕೂಡ ಅದನ್ನೇ ಭಾಷಣದಲ್ಲಿ ಹೇಳಿದರು. ಅಲ್ಲಿಗೆ ಮುಗಿಯಿತು, ಇನ್ನು ಯಾರು ಪ್ರಶ್ನೆ ಮಾಡುತ್ತಾರೆ?

ಹಾವರ್ಡ್ ವಿಶ್ವವಿದ್ಯಾಲಯದ ಐವರಿ ಟೋಲ್ಡ್‌ಸನ್ ಮಾಡಿದರು. (ವಾಷಿಂಗ್ಟನ್ನಿನ ಹಾವರ್ಡ್, 1867ರಲ್ಲಿ ಶುರುವಾದದ್ದು. ಬಾಸ್ಟನ್ ಪಕ್ಕದ ಹಾರ್ವರ್ಡ್ ಬೇರೆ. ಇದನ್ನೂ ಪ್ರತಿ ಸಲ ಹೇಳಬೇಕು.) ಕಾಲೇಜು ವಿದ್ಯಾರ್ಥಿಗಳ ಲೆಕ್ಕ ಬರುವುದು ಕೇಂದ್ರ ಶಿಕ್ಷಣ ಇಲಾಖೆಯ ದತ್ತಾಂಶದಿಂದ, ಅಲ್ಲಿಗೆ ಪ್ರತಿ ಕಾಲೇಜೂ ತನ್ನ ಸಂಖ್ಯೆ ಕಳಿಸಬೇಕು. ಟೋಲ್ಡ್‌ಸನ್ ಹಳೆಯ ಕಡತ ತೆಗೆದು ನೋಡಿದರೆ, ಆ ಹೊತ್ತಿನಲ್ಲಿ ಎಷ್ಟೋ ಕಾಲೇಜುಗಳು ಲೆಕ್ಕ ಕಳಿಸಿರಲೇ ಇಲ್ಲ. ಕಪ್ಪು ವಿದ್ಯಾರ್ಥಿಗಳಿಗಾಗಿಯೇ ಶುರುವಾದ ಕೆಲವು ಕಾಲೇಜುಗಳೂ ಅದರಲ್ಲಿ ಸೇರಿದ್ದವು. ಜೈಲಿನ ಕಡೆ ತಲೆ ಎಣಿಕೆ ಸರಿಯಾಗಿತ್ತು, ಕಾಲೇಜಿನ ಕಡೆ ಅರ್ಧಂಬರ್ಧ. ಮುಂದೆ ಕಾಲೇಜುಗಳು ಲೆಕ್ಕ ಕೊಡತೊಡಗಿದವು, ಓದುವವರೂ ನಿಜವಾಗಿ ಹೆಚ್ಚಿದರು. 2013ರ ಹೊತ್ತಿಗೆ ಅವರು ಮುಂದಿಟ್ಟ ಸಂಖ್ಯೆ ಹೀಗಿತ್ತು: ಕಾಲೇಜಿನಲ್ಲಿ ಸುಮಾರು 14 ಲಕ್ಷ ಕಪ್ಪು ಗಂಡಸರು, ಜೈಲಿನಲ್ಲಿ ಸುಮಾರು 8.4 ಲಕ್ಷ.

8.4 ಲಕ್ಷ ಸಣ್ಣ ಸಂಖ್ಯೆ ಅಂತ ನಾನು ಹೇಳುತ್ತಿಲ್ಲ. ಅದು ನಾಚಿಕೆಗೇಡಿನ ಸಂಖ್ಯೆ. ಆದರೆ ಹೋಲಿಕೆಯೇ ತಪ್ಪು. ಜೈಲಿನಲ್ಲಿ ಹದಿನೆಂಟರ ಹುಡುಗನೂ ಇರುತ್ತಾನೆ, ಅರವತ್ತೈದರ ಮುದುಕನೂ ಇರುತ್ತಾನೆ, ಇಪ್ಪತ್ತು ವರ್ಷದ ಶಿಕ್ಷೆಯಾದವನನ್ನು ಇಪ್ಪತ್ತು ವರ್ಷವೂ ಎಣಿಸುತ್ತಾರೆ. ಕಾಲೇಜಿನಲ್ಲಿ ನಾಲ್ಕೈದು ವರ್ಷ ಓದಿ ಹೊರಗೆ ಬಂದವನು ಮರುವರ್ಷದ ಲೆಕ್ಕದಲ್ಲೇ ಇರುವುದಿಲ್ಲ. ಇದು ಊರಿನ ಪಿಯುಸಿ ಹುಡುಗರ ಸಂಖ್ಯೆಯನ್ನು ಅದೇ ಊರಿನಲ್ಲಿ ಬಿಪಿ ಮಾತ್ರೆ ನುಂಗುವ ಎಲ್ಲ ಗಂಡಸರ ಸಂಖ್ಯೆ ಜೊತೆ ಇಟ್ಟು, ಅಯ್ಯೋ ಓದುವವರೇ ಇಲ್ಲ ಅಂದ ಹಾಗೆ. ಹದಿನೆಂಟರಿಂದ ಇಪ್ಪತ್ತನಾಲ್ಕರ ವಯಸ್ಸಿನವರನ್ನು ಮಾತ್ರ ತೆಗೆದುಕೊಂಡರೆ, ಆ ವರದಿ ಬಂದ ಕಾಲದಲ್ಲೂ ಕಾಲೇಜಿನಲ್ಲಿದ್ದವರೇ ಜಾಸ್ತಿ.

"ಸರಿ ಬಿಡಿ, ಸಂಖ್ಯೆ ತಪ್ಪಿರಬಹುದು, ಆದರೆ ಮಾತಿನ ಅರ್ಥ ನಿಜ ಅಲ್ವಾ" ಅಂತ ಒಬ್ಬರು ನನಗೆ ಬರೆದಿದ್ದರು. ಅಲ್ಲ ಸ್ವಾಮಿ. ಹುಡುಗ ಜೈಲಿಗೆ ಹೋಗುವವನೇ ಅಂತ ನಂಬಿದ ಶಾಲೆ ಅವನಿಗೆ ಶಿಸ್ತು ಕಲಿಸಲು ನೋಡುತ್ತದೆ, ಕ್ಯಾಲ್ಕುಲಸ್ ಕಲಿಸುವುದಿಲ್ಲ. ಕಾಲೇಜಿಗೆ ಹೋಗುವವನು ಅಂತ ನಂಬಿದರೆ ಕೆಮಿಸ್ಟ್ರಿ ಲ್ಯಾಬ್ ಕೇಳುತ್ತದೆ, ಅರ್ಜಿ ತುಂಬಿಸುವ ಕೌನ್ಸೆಲರ್ ಬೇಕು ಅನ್ನುತ್ತದೆ. ತಪ್ಪು ಸಂಖ್ಯೆಯಿಂದ ದುಡ್ಡು ತಪ್ಪು ಕಡೆ ಹೋಗುತ್ತದೆ.

ಈ ನಂಬಿಕೆಯ ಪ್ರಶ್ನೆಗೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಒಂದಿದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಅನ್ನುವ ಗಣಿತದ ಸಂಶೋಧಕ, ಕಪ್ಪು ವಿದ್ಯಾರ್ಥಿಗಳು ಮೊದಲ ವರ್ಷದ ಕ್ಯಾಲ್ಕುಲಸ್‌ನಲ್ಲಿ ಯಾಕೆ ಫೇಲಾಗುತ್ತಾರೆ ಅಂತ ಮೇಷ್ಟ್ರುಗಳನ್ನು ಕೇಳಿದರು. ಉತ್ತರ ಊಹಿಸಬಹುದು. ಆಸಕ್ತಿ ಇಲ್ಲ, ತಳಪಾಯ ಇಲ್ಲ, ಮನೆಯಲ್ಲಿ ಬೆಂಬಲ ಇಲ್ಲ, ಬಡತನ. ಟ್ರೈಸ್‌ಮನ್ 20 ಕಪ್ಪು ವಿದ್ಯಾರ್ಥಿಗಳನ್ನೂ 20 ಚೀನೀ ಮೂಲದವರನ್ನೂ ಹತ್ತಿರದಿಂದ, ಅವರು ಓದುವ ಜಾಗಕ್ಕೇ ಹೋಗಿ ನೋಡಿದರು. ಮೇಷ್ಟ್ರುಗಳ ಊಹೆ ಒಂದೂ ನಿಲ್ಲಲಿಲ್ಲ. ಮನೆಯವರು ಮಗನನ್ನು ಓದಿಸಲು ಚಿಕ್ಕಂದಿನಿಂದ ಕಷ್ಟಪಟ್ಟವರು, ಹುಡುಗರು ತಮ್ಮ ಶಾಲೆಯ ಜಾಣರು. ವ್ಯತ್ಯಾಸ ಇದ್ದದ್ದು ಒಂದರಲ್ಲಿ. ಚೀನೀ ಹುಡುಗರು ಒಬ್ಬೊಬ್ಬರೇ ಓದಿ ಆಮೇಲೆ ಗುಂಪಾಗಿ ಕೂತು ಒಬ್ಬರ ಲೆಕ್ಕ ಇನ್ನೊಬ್ಬರು ತಿದ್ದುತ್ತಿದ್ದರು. ಕಪ್ಪು ಹುಡುಗರು ರೂಮಿನ ಬಾಗಿಲು ಹಾಕಿಕೊಂಡು ಒಬ್ಬರೇ ಓದುತ್ತಿದ್ದರು, ತಪ್ಪು ಎಲ್ಲಿ ಅಂತ ಪರೀಕ್ಷೆಯಲ್ಲೇ ಗೊತ್ತಾಗುತ್ತಿತ್ತು. ಟ್ರೈಸ್‌ಮನ್ ಗುಂಪು ಅಭ್ಯಾಸ ಶುರು ಮಾಡಿಸಿದರು. ಅಲ್ಲಿ ಕೊಟ್ಟದ್ದು ಸುಲಭದ ಲೆಕ್ಕಗಳಲ್ಲ, ಮಾಮೂಲಿಗಿಂತ ಕಷ್ಟದ ಲೆಕ್ಕಗಳು. ಫೇಲಾಗುವುದು ನಿಂತಿತು ಅನ್ನುವಷ್ಟು ಕಡಿಮೆಯಾಯಿತು. ಪಾಠ ಮಾಡುವವರೆಲ್ಲ ಇದನ್ನು ಓದಬೇಕು, ನಮ್ಮ ಊರಿನ ಕಾಲೇಜುಗಳಲ್ಲೂ ಕೂಡ.

ಹಾಗಾದರೆ ನಿಜವಾದ ತೊಂದರೆ ಏನು? ಸೇರುವುದಕ್ಕಿಂತ ಮುಗಿಸುವುದು. ನಾಲ್ಕು ವರ್ಷದ ಕಾಲೇಜಿಗೆ 2010ರಲ್ಲಿ ಸೇರಿದ ಕಪ್ಪು ವಿದ್ಯಾರ್ಥಿಗಳಲ್ಲಿ ಆರು ವರ್ಷದೊಳಗೆ ಡಿಗ್ರಿ ಮುಗಿಸಿದವರು ನೂರಕ್ಕೆ 40. ಹುಡುಗರನ್ನಷ್ಟೇ ತೆಗೆದರೆ ಅದಕ್ಕಿಂತ ಕಡಿಮೆ. ಅಲ್ಲಿಂದೀಚೆಗೆ ಸೇರುವ ಹುಡುಗರ ಸಂಖ್ಯೆಯೂ ಇಳಿದಿದೆ, ಕೋವಿಡ್ ಕಾಲದಲ್ಲಿ ಕಮ್ಯುನಿಟಿ ಕಾಲೇಜುಗಳಲ್ಲಂತೂ (ಕಡಿಮೆ ಫೀಸಿನ ಎರಡು ವರ್ಷದ ಸರ್ಕಾರಿ ಕಾಲೇಜುಗಳು) ಜೋರಾಗಿ ಇಳಿಯಿತು. ಜೈಲಿನ ಕಥೆ ಹೇಳುವವರು ಇದನ್ನು ಹೇಳುವುದಿಲ್ಲ.

ಮುಖ್ಯ ಕಾರಣ ದುಡ್ಡು, ಅದೂ ಎಷ್ಟೋ ಸಲ ಸಣ್ಣ ದುಡ್ಡು. ಬಡ ಮಕ್ಕಳಿಗೆ ಕೇಂದ್ರ ಕೊಡುವ ಪೆಲ್ ಗ್ರಾಂಟ್ ವರ್ಷಕ್ಕೆ ಹೆಚ್ಚೆಂದರೆ 7,395 ಡಾಲರ್, ಹಾಸ್ಟೆಲ್ಲು ಊಟ ಸೇರಿದರೆ ಅದು ಎಲ್ಲಿಗೂ ಸಾಲದು. ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ ಒಂದು ವಿಷಯ ಗಮನಿಸಿತು. ಕೆಲವು ನೂರು ಡಾಲರ್ ಬಾಕಿ ಇದೆ ಅಂತ ವಿದ್ಯಾರ್ಥಿಗಳ ಹೆಸರು ಹಾಜರಿಪಟ್ಟಿಯಿಂದ ಹೊಡೆದು ಹಾಕುತ್ತಿದ್ದರು, ಡಿಗ್ರಿಗೆ ಒಂದೆರಡು ಸೆಮಿಸ್ಟರ್ ಉಳಿದವರನ್ನೂ ಬಿಡದೆ. 2011ರಿಂದ ಆ ಬಾಕಿಯನ್ನು ವಿಶ್ವವಿದ್ಯಾಲಯವೇ ತುಂಬತೊಡಗಿತು. ಯಾರ ಮಾರ್ಕ್ಸ್ ಜಾರುತ್ತಿದೆ ಅಂತ ಮೊದಲೇ ಗುರುತಿಸಿ ಕರೆದು ಮಾತಾಡುವ ಸಲಹೆಗಾರರನ್ನೂ ಇಟ್ಟಿತು. ಅಲ್ಲಿ ಕಪ್ಪು, ಬಿಳಿ ವಿದ್ಯಾರ್ಥಿಗಳು ಡಿಗ್ರಿ ಮುಗಿಸುವ ಪ್ರಮಾಣದಲ್ಲಿ ಇದ್ದ ಅಂತರವೇ ಹೋಯಿತು. ನ್ಯೂಯಾರ್ಕ್ ನಗರದ ಕಮ್ಯುನಿಟಿ ಕಾಲೇಜುಗಳು 2007ರಲ್ಲಿ ಶುರು ಮಾಡಿದ ಅಸಾಪ್ ಯೋಜನೆಯಲ್ಲಿ ಪುಸ್ತಕ, ಮೆಟ್ರೋ ಪಾಸು, ಪದೇ ಪದೇ ಭೇಟಿ ಮಾಡುವ ಸಲಹೆಗಾರ, ಎಲ್ಲ ಸಿಗುತ್ತದೆ. ಮೂರು ವರ್ಷದಲ್ಲಿ ಮುಗಿಸಿದವರು ಯೋಜನೆಯಲ್ಲಿ ಶೇ 40, ಹೊರಗಿದ್ದವರಲ್ಲಿ ಶೇ 22. ಪ್ರಯೋಜನ ಏನು ಅಂತ ಕೇಳಿದಿರಲ್ಲ, ಇದು.

ಇನ್ನೊಂದು ಕಾರಣ ಮೇಷ್ಟ್ರು. ಮೂರನೇ ತರಗತಿಯೊಳಗೆ ಒಬ್ಬರಾದರೂ ಕಪ್ಪು ಶಿಕ್ಷಕರ ಕೈಯಲ್ಲಿ ಕಲಿತ ಕಪ್ಪು ಮಕ್ಕಳು ಮುಂದೆ ಕಾಲೇಜು ಸೇರುವ ಸಾಧ್ಯತೆ ಶೇ 13 ಜಾಸ್ತಿ ಅಂತ ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ಆದರೆ ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ನೂರು ಶಿಕ್ಷಕರಲ್ಲಿ ಕಪ್ಪು ಗಂಡಸರು ಇಬ್ಬರೂ ಸಿಗುವುದಿಲ್ಲ. ಸೌತ್ ಕ್ಯಾರೊಲಿನಾದ ಕ್ಲೆಮ್ಸನ್ ವಿಶ್ವವಿದ್ಯಾಲಯ 2000ದಿಂದ ಇಂಥ ಶಿಕ್ಷಕರನ್ನೇ ತಯಾರು ಮಾಡುತ್ತಿದೆ.

ಇನ್ನು ಯಾರೂ ಕೇಳದ ಒಂದು ಪ್ರಶ್ನೆ. ಇದಕ್ಕೂ ನಮಗೂ ಏನು ಸಂಬಂಧ? ಇದೆ, ಮೈಸೂರಿನ ಮೂಲಕ.

ಕಪ್ಪು ಹುಡುಗರಿಗಾಗಿಯೇ ಇರುವ ಕಾಲೇಜು ಅಂದರೆ ಅಟ್ಲಾಂಟಾದ ಮೋರ್‌ಹೌಸ್. 1940ರಿಂದ 1967ರವರೆಗೆ ಅದರ ಅಧ್ಯಕ್ಷರಾಗಿದ್ದವರು ಬೆಂಜಮಿನ್ ಮೇಸ್. ಅಪ್ಪ ಅಮ್ಮ ಇಬ್ಬರೂ ಗುಲಾಮಗಿರಿಯಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ಶಾಲೆ, ಉಳಿದದ್ದು ಹೊಲ. ಜಾಸ್ತಿ ಓದುವುದು ಅಪ್ಪನಿಗೇ ಇಷ್ಟವಿರಲಿಲ್ಲ. ಹಟ ಹಿಡಿದು ಓದಿ 1935ರಲ್ಲಿ ಶಿಕಾಗೋದಲ್ಲಿ ಪಿಎಚ್‌ಡಿ ಪಡೆದರು. 1937ರ ಜನವರಿಯಲ್ಲಿ ಕ್ರೈಸ್ತ ಯುವಕರ ಸಂಘ ವೈಎಂಸಿಎಯ ವಿಶ್ವ ಸಮ್ಮೇಳನಕ್ಕೆ ಅಂತ ಮೈಸೂರಿಗೆ ಬಂದರು, ಅದಕ್ಕೂ ಮೊದಲು ವಾರ್ಧಾದಲ್ಲಿ ಗಾಂಧೀಜಿಯನ್ನು ಕಂಡಿದ್ದರು. ಮೈಸೂರಿನಲ್ಲಿದ್ದಾಗ, ಅಸ್ಪೃಶ್ಯರು ಎನಿಸಿಕೊಂಡಿದ್ದವರ ಮಕ್ಕಳ ಶಾಲೆಯ ಹೆಡ್‌ಮಾಸ್ಟರ್ ಬಂದು ಕರೆದರು. ಮಕ್ಕಳ ಮುಂದೆ ಮೇಸ್ ಅವರನ್ನು ನಿಲ್ಲಿಸಿ, ಇವರೂ ಅಸ್ಪೃಶ್ಯರೇ, ಅಮೆರಿಕದಲ್ಲಿ ಇವರು ಪಟ್ಟ ಅವಮಾನ ನಮ್ಮದೇ, ಆದರೂ ಇಷ್ಟು ಮೇಲೆ ಬಂದಿದ್ದಾರೆ ನೋಡಿ ಅಂತ ಪರಿಚಯ ಮಾಡಿಸಿದರು. ಮೇಸ್‌ಗೆ ಮೊದಲು ಸಿಟ್ಟು ಬಂತು. ಸ್ವಲ್ಪ ಹೊತ್ತಿಗೆ, ಹೆಡ್‌ಮಾಸ್ಟರ್ ಹೇಳಿದ್ದು ಸರಿಯೇ ಅನ್ನಿಸಿತು. ಇದನ್ನು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆ ಹೆಡ್‌ಮಾಸ್ಟರ್‌ಗೆ ಅರ್ಥಶಾಸ್ತ್ರಜ್ಞರ ಶೇ 13 ಬೇಕಾಗಿರಲಿಲ್ಲ, ಮಕ್ಕಳಿಗೆ ಯಾರನ್ನು ತೋರಿಸಬೇಕು ಅಂತ ಚೆನ್ನಾಗಿ ಗೊತ್ತಿತ್ತು.

ಮೇಸ್ ಮೋರ್‌ಹೌಸ್‌ಗೆ ಬಂದ ಒಂದೂವರೆ ವರ್ಷದೊಳಗೆ ಅಮೆರಿಕ ಎರಡನೇ ಮಹಾಯುದ್ಧಕ್ಕಿಳಿಯಿತು. ಹುಡುಗರು ಸೈನ್ಯಕ್ಕೆ ಹೋದರು, ಕ್ಲಾಸು ಖಾಲಿಯಾಯಿತು. ಆಗ ಕಾಲೇಜು ಹೈಸ್ಕೂಲ್ ಇನ್ನೂ ಮುಗಿಸದ ಹುಡುಗರಿಗೆ ಪ್ರವೇಶ ಪರೀಕ್ಷೆ ಇಟ್ಟು ಸೇರಿಸಿಕೊಳ್ಳತೊಡಗಿತು. 1944ರಲ್ಲಿ ಹಾಗೆ ಸೇರಿದ ಹದಿನೈದು ವರ್ಷದ ಒಬ್ಬ ಹುಡುಗನಿಗೆ, ತನ್ನ ಓದು ಎಂಟನೇ ತರಗತಿ ಮಟ್ಟದಲ್ಲೇ ಇದೆ ಅನ್ನುವುದು ಕಾಲೇಜಿಗೆ ಬಂದ ಮೇಲೆ ಗೊತ್ತಾಯಿತಂತೆ. ನಾಲ್ಕು ವರ್ಷದಲ್ಲಿ ಸಮಾಜಶಾಸ್ತ್ರದಲ್ಲಿ ಡಿಗ್ರಿ ಮುಗಿಸಿದ, ಮಾರ್ಕ್ಸ್ ಸಾಧಾರಣ. ಹೆಸರು ಮಾರ್ಟಿನ್ ಲೂಥರ್ ಕಿಂಗ್.