ಸರ್ವರ್ ನಿಂತ ಮೇಲೂ ಆಟ ತೆರೆಯಬೇಕು

ಕಂಪ್ಯೂಟರ್ ಆಟಗಳಲ್ಲಿ ಪರವಾನಗಿ ತಪಾಸಣೆ ಮಾಡುವ ತಂತ್ರಾಂಶವನ್ನು ಬರೆಯುವುದು ಹಲವು ವರ್ಷಗಳಿಂದ ನನ್ನ ಕೆಲಸ. ಈ ವೃತ್ತಿಗೆ ಬಂದ ಹೊಸದರಲ್ಲಿ, ನಮ್ಮ ತಂಡ ನೋಡಿಕೊಳ್ಳುತ್ತಿದ್ದ ಸರ್ವರಿನ ಡಿಜಿಟಲ್ ಪ್ರಮಾಣಪತ್ರದ (ಸರ್ವರ್ ಅಸಲಿಯೆಂದು ಬೇರೆ ಕಂಪ್ಯೂಟರುಗಳಿಗೆ ತೋರಿಸುವ ಗುರುತಿನ ಪತ್ರ) ಅವಧಿ ಒಂದು ರಾತ್ರಿ ಮುಗಿದುಹೋಯಿತು. ಅದನ್ನು ನವೀಕರಿಸಬೇಕೆಂಬುದು ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ. ಹಣ ಕೊಟ್ಟು ಆಟ ಕೊಂಡವರ ಕಂಪ್ಯೂಟರುಗಳು, ತಮ್ಮ ನಿಯಮದ ಪ್ರಕಾರ ಸರಿಯಾಗಿಯೇ, ಆ ಸರ್ವರನ್ನು ನಂಬಲು ಒಪ್ಪಲಿಲ್ಲ. ಪರವಾನಗಿ ಸಿಗಲಿಲ್ಲವೆಂಬ ಸಂದೇಶ ತೋರಿಸಿ ಆಟ ಮುಚ್ಚಿಕೊಂಡಿತು. ಅದೇ ಹೊತ್ತಿನಲ್ಲಿ, ತಪಾಸಣೆಯ ಭಾಗವನ್ನೇ ಕಿತ್ತುಹಾಕಿದ ಕಳ್ಳಪ್ರತಿ ಇಟ್ಟುಕೊಂಡವರು ಯಾವ ತೊಂದರೆಯೂ ಇಲ್ಲದೆ ಆಡುತ್ತಿದ್ದರು. ಮರುದಿನ ಬಂದ ದೂರುಗಳನ್ನು ಒಂದೊಂದಾಗಿ ಓದುವಾಗ ನನಗಾದ ನಾಚಿಕೆ ಇಂದಿಗೂ ನೆನಪಿದೆ. ನಾನು ಬರೆದ ಬೀಗ ಕಳ್ಳನನ್ನು ಹೊರಗಿಡಲಿಲ್ಲ, ಮನೆಯವರನ್ನು ಹೊರಗಿಟ್ಟಿತು.

ನಕಲು ತಡೆ ಹೊಸ ವಿಷಯವೇನಲ್ಲ. 1990ರಲ್ಲಿ ಬಂದ ಮಂಕಿ ಐಲೆಂಡ್ ಆಟದ ಪೆಟ್ಟಿಗೆಯಲ್ಲಿ ರಟ್ಟಿನ ಎರಡು ಚಕ್ರಗಳಿದ್ದವು. ಪರದೆಯಲ್ಲಿ ಕಾಣುವ ಕಡಲ್ಗಳ್ಳನ ಮುಖಕ್ಕೆ ಸರಿಹೊಂದುವಂತೆ ಅವುಗಳನ್ನು ತಿರುಗಿಸಿ, ಕಿಂಡಿಯಲ್ಲಿ ಕಾಣುವ ಇಸವಿಯನ್ನು ಬೆರಳಚ್ಚಿಸಿದರೆ ಆಟ ಮುಂದುವರಿಯುತ್ತಿತ್ತು. ಆ ಚಕ್ರ ಕೈಯಲ್ಲಿದ್ದವರಿಗೆ ಅದು ಇಂದಿಗೂ ಕೆಲಸ ಮಾಡುತ್ತದೆ, ಏಕೆಂದರೆ ಪ್ರಶ್ನೆಯೂ ಉತ್ತರವೂ ಕೊಂಡವರ ಬಳಿಯೇ ಇವೆ. ಆ ಬಳಿಕ ಸಿಡಿಗಳ ಕಾಲದಲ್ಲಿ ಸೇಫ್‌ಡಿಸ್ಕ್‌ನಂಥ ವಿಧಾನಗಳು ಬಂದವು. ನಕಲು ಮಾಡುವ ಉಪಕರಣಗಳು ಸರಿಯಾಗಿ ಮರುಸೃಷ್ಟಿಸಲಾಗದ ದೋಷಗಳನ್ನು ಡಿಸ್ಕಿನಲ್ಲಿ ಬೇಕೆಂದೇ ಇಟ್ಟು, ಅವು ಇವೆಯೇ ಎಂದು ಪರೀಕ್ಷಿಸಲು ಆಪರೇಟಿಂಗ್ ಸಿಸ್ಟಮ್ಮಿನ ಆಳದಲ್ಲಿ ಡ್ರೈವರ್ ಎಂಬ ಪುಟ್ಟ ತಂತ್ರಾಂಶವೊಂದನ್ನು ಕೂರಿಸುವುದು ಆ ವಿಧಾನ. ಅಷ್ಟು ಆಳದಲ್ಲಿ ಕುಳಿತ ತಂತ್ರಾಂಶದಲ್ಲಿ ಒಂದು ಲೋಪವಿದ್ದರೂ ಇಡೀ ಕಂಪ್ಯೂಟರ್ ಅಪಾಯಕ್ಕೆ ಸಿಲುಕುತ್ತದೆ. 2007ರಲ್ಲಿ ಈ ಡ್ರೈವರಿನಲ್ಲಿ ಅಂಥದೇ ಲೋಪ ಕಂಡುಬಂದಿತ್ತು. ಕೊನೆಗೆ 2015ರಲ್ಲಿ ವಿಂಡೋಸ್ 10 ಬಂದಾಗ ಮೈಕ್ರೋಸಾಫ್ಟ್ ಇದಕ್ಕಿದ್ದ ಬೆಂಬಲವನ್ನು ಕೈಬಿಟ್ಟಿತು. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನವೆಂದೇ ನಾನು ಭಾವಿಸುತ್ತೇನೆ. ಆದರೆ ಅದರಿಂದಾಗಿ, ಕಪಾಟಿನಲ್ಲಿ ಜೋಪಾನವಾಗಿಟ್ಟ ಅಸಲಿ ಡಿಸ್ಕುಗಳು ಹೊಸ ಕಂಪ್ಯೂಟರಿನಲ್ಲಿ ತೆರೆಯದಾದವು.

ಈಗಿನ ತಪಾಸಣೆ ನಡೆಯುವುದು ಇಂಟರ್ನೆಟ್ ಮೂಲಕ. ಅದು ಎಷ್ಟು ಬಿಗಿ ಎಂಬುದನ್ನು ತಿಳಿಯಲು, ಆಟವು ಸರ್ವರನ್ನು ಎಷ್ಟು ಸಲ ವಿಚಾರಿಸುತ್ತದೆ ಎಂದು ನೋಡಬೇಕು. ಕೆಲವು ಆಟಗಳು ಒಮ್ಮೆ ಮಾತ್ರ ಕೇಳುತ್ತವೆ: ಕಂಪ್ಯೂಟರಿನ ಬಿಡಿಭಾಗಗಳ ಗುರುತನ್ನು ಕಳುಹಿಸುತ್ತವೆ, ಸರ್ವರ್ ತನ್ನ ಡಿಜಿಟಲ್ ಸಹಿ ಹಾಕಿದ ಒಪ್ಪಿಗೆಯನ್ನು ಹಿಂದಿರುಗಿಸುತ್ತದೆ, ಆ ಸಹಿ ನಿಜವೇ ಎಂಬುದನ್ನು ಮುಂದೆ ಆಟ ತಾನೇ ನೋಡಿಕೊಳ್ಳುತ್ತದೆ. ಇದು ಸೌಮ್ಯವಾದ ಕ್ರಮವೆನಿಸಿದರೂ, ಬಿಡಿಭಾಗ ಬದಲಾಯಿಸಿದರೆ ಹಳೆಯ ಯಂತ್ರವೇ ಹೊಸದಾಗಿ ಕಾಣುತ್ತದೆ. 2008ರ ಸ್ಪೋರ್ ಆಟಕ್ಕೆ ಮೂರೇ ಸಲ ಈ ಒಪ್ಪಿಗೆ ಸಿಗುತ್ತಿದ್ದುದರಿಂದ ಕೊಂಡವರು ಸಿಟ್ಟಿಗೆದ್ದು, ಮಿತಿಯನ್ನು ಐದಕ್ಕೆ ಏರಿಸಬೇಕಾಯಿತು. ಇನ್ನು ಕೆಲವು ಆಟಗಳು ಆಡುವಷ್ಟು ಹೊತ್ತೂ ಕೇಳುತ್ತಲೇ ಇರುತ್ತವೆ. 2010ರಲ್ಲಿ ಆಟಗಳ ಪ್ರಕಾಶನ ಸಂಸ್ಥೆ ಯೂಬಿಸಾಫ್ಟ್ ಇಂಥ ವ್ಯವಸ್ಥೆಯನ್ನು ಜಾರಿಗೆ ತಂದ ಕೆಲವೇ ದಿನಗಳಲ್ಲಿ ಅದರ ಸರ್ವರುಗಳ ಮೇಲೆ ದಾಳಿ ನಡೆದು, ಒಬ್ಬರೇ ಆಡುವ ಅಸಾಸಿನ್ಸ್ ಕ್ರೀಡ್ 2 ಕೂಡ ಅನೇಕರಿಗೆ ತೆರೆಯಲಿಲ್ಲ.

ಇದಕ್ಕಿಂತ ಮುಂದಿನ ಹಂತದಲ್ಲಿ ಆಟದ ಒಂದು ಭಾಗವೇ ಸರ್ವರಿನಲ್ಲಿರುತ್ತದೆ. ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ನೂರಾರು ಜನ ಒಟ್ಟಿಗೆ ಆಡುವ ಆಟದಲ್ಲಿ ಯಾರು ಎಲ್ಲಿದ್ದಾರೆ, ಯಾರಿಗೆ ಪೆಟ್ಟು ಬಿತ್ತು ಎಂಬುದನ್ನು ಒಂದು ನಿಷ್ಪಕ್ಷಪಾತ ಕೇಂದ್ರ ತೀರ್ಮಾನಿಸಲೇಬೇಕು. ಆ ಅವಲಂಬನೆ ಆಟದ ಸ್ವಭಾವದಿಂದಲೇ ಬಂದದ್ದು. ಒಬ್ಬರೇ ಕುಳಿತು ಆಡುವ ಆಟಕ್ಕೆ ಅದನ್ನು ತಂದು ಅಂಟಿಸುವುದು ವಿನ್ಯಾಸಕಾರರ ಆಯ್ಕೆ. 2013ರ ಮಾರ್ಚಿನಲ್ಲಿ ಬಂದ, ನಗರ ಕಟ್ಟಿ ನಡೆಸುವ ಆಟವಾದ ಸಿಮ್‌ಸಿಟಿಯಲ್ಲಿ ಈ ವ್ಯತ್ಯಾಸ ಎಲ್ಲರಿಗೂ ಕಾಣುವಂತಾಯಿತು. ಮೊದಲ ದಿನಗಳಲ್ಲಿ ಸರ್ವರುಗಳು ಜನಸಂದಣಿಯನ್ನು ತಾಳಲಾರದೆ ಕುಸಿದವು. ಲೆಕ್ಕಾಚಾರದ ಗಣನೀಯ ಪಾಲು ಸರ್ವರಿನಲ್ಲೇ ನಡೆಯುವುದರಿಂದ ಸಂಪರ್ಕ ಅನಿವಾರ್ಯ ಎಂದು ತಯಾರಕರು ವಿವರಿಸಿದರು. ಸ್ವಲ್ಪ ಸಮಯದಲ್ಲೇ, ಸಂಪರ್ಕ ಕಡಿದರೂ ನಗರ ನಡೆಯುತ್ತದೆಂದು ಆಟಗಾರರೊಬ್ಬರು ಕೋಡ್ ತಿದ್ದಿ ತೋರಿಸಿದರು, ಮತ್ತು ಒಂದು ವರ್ಷದ ಬಳಿಕ ಕಂಪನಿಯೇ ಇಂಟರ್ನೆಟ್ ಬೇಡದ ಆಯ್ಕೆಯನ್ನು ಬಿಡುಗಡೆ ಮಾಡಿತು.

ಪ್ರಕಾಶಕರ ಪರವಾಗಿ ಹೇಳಬೇಕಾದದ್ದನ್ನೂ ಹೇಳಬೇಕು, ಏಕೆಂದರೆ ನಾನು ಅವರ ಕೋಣೆಯಲ್ಲೇ ಕುಳಿತು ಕೆಲಸ ಮಾಡಿದವನು. ವರ್ಷಗಟ್ಟಲೆ ದುಡಿದು ಮಾಡಿದ ದೊಡ್ಡ ಆಟದ ಗಳಿಕೆಯಲ್ಲಿ ದೊಡ್ಡ ಪಾಲು ಬಿಡುಗಡೆಯ ಮೊದಲ ಕೆಲವು ವಾರಗಳಲ್ಲೇ ಬರುತ್ತದೆ. ಆ ವಾರಗಳಲ್ಲಿ ಕಳ್ಳಪ್ರತಿ ಹೊರಬಾರದಂತೆ ತಡೆಯುವುದು ನ್ಯಾಯವಾದ ಬಯಕೆ. 2014ರಿಂದ ಬಳಕೆಯಲ್ಲಿರುವ ಡೆನುವೊ ಎಂಬ ನಕಲು ತಡೆ ತಂತ್ರಾಂಶ ಮಾಡುವುದು ಇದನ್ನೇ, ಮತ್ತು ಹಲವು ಪ್ರಕಾಶಕರು ಕೆಲವು ತಿಂಗಳ ನಂತರ ಅದನ್ನು ಆಟದಿಂದ ತೆಗೆದೂ ಹಾಕಿದ್ದಾರೆ. ಬೀಗಕ್ಕೆ ಅವಧಿಯೊಂದಿದ್ದರೆ ನನ್ನ ತಕರಾರಿಲ್ಲ.

ಖಾತೆಯ ವಿಷಯ ಬೇರೆ. ಅಂಗಡಿಯ ಖಾತೆಯೊಂದರ ಮೂಲಕ ಕೊಂಡ ಆಟ ತೆರೆದಾಗ ಪ್ರಕಾಶಕರ ಇನ್ನೊಂದು ಖಾತೆಯನ್ನು ಕೇಳುವುದು ಈಗ ಸಾಮಾನ್ಯವಾಗಿದೆ. ಇದಕ್ಕೆ ಸಕಾರಣಗಳೂ ಇವೆ: ಬೇರೆ ಬೇರೆ ಯಂತ್ರಗಳಲ್ಲಿರುವ ಗೆಳೆಯರು ಕೂಡಿ ಆಡಲು, ಮೋಸ ಮಾಡುವವರನ್ನು ಹೊರಗಿಡಲು ಒಂದು ಸ್ಥಿರ ಗುರುತು ಬೇಕಾಗುತ್ತದೆ. ಆದರೆ ಖಾತೆಗೆ ಕಟ್ಟಿದ ಆಟವನ್ನು ಇನ್ನೊಬ್ಬರಿಗೆ ಕೊಡಲಾಗದು, ಮಾರಲಾಗದು. ಖಾತೆ ನಿಷೇಧವಾದರೆ ಅಥವಾ ಕಳವಾದರೆ ಆಟವೂ ಹೋಯಿತು. ಮಾಹಿತಿಯ ಅಪಾಯವೂ ಸಣ್ಣದಲ್ಲ. 2011ರ ಏಪ್ರಿಲ್‌ನಲ್ಲಿ ಸೋನಿಯ ಆನ್‌ಲೈನ್ ಆಟದ ಸೇವೆಯಾದ ಪ್ಲೇಸ್ಟೇಷನ್ ನೆಟ್‌ವರ್ಕಿನೊಳಗೆ ನುಗ್ಗಿದವರಿಂದ ಸುಮಾರು 7.7 ಕೋಟಿ ಖಾತೆಗಳ ವಿವರಗಳು ಅಪಾಯಕ್ಕೆ ಸಿಲುಕಿ, ಸೇವೆ ಮೂರು ವಾರಕ್ಕೂ ಹೆಚ್ಚು ಕಾಲ ನಿಂತಿತ್ತು. 2024ರಲ್ಲಿ ಹೆಲ್‌ಡೈವರ್ಸ್ 2 ಬಿಡುಗಡೆಯಾಗಿ ಮೂರು ತಿಂಗಳಾಗುವ ಹೊತ್ತಿಗೆ, ಅದೇ ನೆಟ್‌ವರ್ಕಿನ ಖಾತೆಯನ್ನು ಕಂಪ್ಯೂಟರಿನಲ್ಲಿ ಆಡುವವರಿಗೂ ಕಡ್ಡಾಯ ಮಾಡುವುದಾಗಿ ಸೋನಿ ಪ್ರಕಟಿಸಿತು. ಆ ಖಾತೆ ತೆರೆಯಲು ಅವಕಾಶವೇ ಇಲ್ಲದ ದೇಶಗಳಲ್ಲೂ ಆಟ ಮಾರಾಟವಾಗಿತ್ತು. ಆಟಗಾರರ ಪ್ರತಿಭಟನೆಯ ನಂತರ ಕೆಲವೇ ದಿನಗಳಲ್ಲಿ ಆ ಷರತ್ತನ್ನು ಹಿಂಪಡೆಯಲಾಯಿತು.

ಅತ್ಯಂತ ನೋವಿನ ಉದಾಹರಣೆ ದಿ ಕ್ರ್ಯೂ. 2014ರ ಈ ಕಾರೋಟದ ಆಟದಲ್ಲಿ ಒಬ್ಬರೇ ಮಾಡಬಹುದಾದ ಕೆಲಸ ಬೇಕಾದಷ್ಟಿತ್ತು; ಆದರೂ 2024ರ ಮಾರ್ಚ್ 31ರಂದು ಯೂಬಿಸಾಫ್ಟ್ ಸರ್ವರುಗಳನ್ನು ನಿಲ್ಲಿಸಿದಾಗ ಅದರ ಒಂದು ರಸ್ತೆಯೂ ಯಾರಿಗೂ ಸಿಗಲಿಲ್ಲ. ಮಾರಿದ ಆಟಗಳನ್ನು ಹೀಗೆ ಆಡಲಾಗದಂತೆ ಮಾಡಬಾರದೆಂಬ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಚಳವಳಿ ಹುಟ್ಟಿದ್ದು ಇದರಿಂದಲೇ, ಮತ್ತು ಅದೇ ಬೇಡಿಕೆಯ ಯುರೋಪಿನ ನಾಗರಿಕರ ಮನವಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷ ಸಹಿಗಳು ದಾಟಿದವು. ಇದೇ ಸರಣಿಯ ನಂತರದ ಎರಡು ಆಟಗಳಿಗೆ ಸರ್ವರ್ ಬೇಡದ ಆಯ್ಕೆ ಕೊಡುವುದಾಗಿ ಯೂಬಿಸಾಫ್ಟ್ 2024ರ ಸೆಪ್ಟೆಂಬರಿನಲ್ಲಿ ಹೇಳಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಹಿಂಪಡೆಯಬಹುದಾದ ಪರವಾನಗಿಯನ್ನು ಮಾರುವವರು ಅದನ್ನು ಸ್ಪಷ್ಟವಾಗಿ ತಿಳಿಸದೆ ‘ಖರೀದಿ’ ಎಂಬ ಪದವನ್ನು ಬಳಸುವಂತಿಲ್ಲ. ತಿಳಿಸುವುದು ಒಳ್ಳೆಯದೇ, ಆದರೆ ಅದರಿಂದ ಆಟವೇನೂ ಉಳಿಯುವುದಿಲ್ಲ.

ಕೊಳ್ಳುವವರಿಗೆ ನಾನು ಹೇಳುವುದು ಹೀಗೆ. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯ ಪುಟದಲ್ಲಿ ಬೇರೆ ಖಾತೆ ಬೇಕೇ, ಹೊರಗಿನ ನಕಲು ತಡೆ ಇದೆಯೇ ಎಂಬ ಸೂಚನೆ ಇರುತ್ತದೆ. ಮೊದಲು ಅದನ್ನು ಓದಿ. ಕೊಂಡ ಮೇಲೆ ಆಟವನ್ನು ಒಮ್ಮೆ ತೆರೆದು ಮುಚ್ಚಿ, ಇಂಟರ್ನೆಟ್ ಸಂಪರ್ಕ ತೆಗೆದು, ಕಂಪ್ಯೂಟರನ್ನು ಮರಳಿ ಚಾಲೂ ಮಾಡಿ ಆಟ ತೆರೆಯುತ್ತದೆಯೇ ನೋಡಿ. ಕೊಂಡು 14 ದಿನಗಳೊಳಗೆ, ಆಡಿದ ಸಮಯ ಎರಡು ಗಂಟೆಗಿಂತ ಕಡಿಮೆಯಿದ್ದರೆ ಅಲ್ಲಿ ಹಣ ವಾಪಸು ಕೇಳಬಹುದಾದ್ದರಿಂದ ಈ ಪರೀಕ್ಷೆಯನ್ನು ಮೊದಲ ದಿನವೇ ಮುಗಿಸಿಕೊಳ್ಳಿ. ನಕಲು ತಡೆಯಿಲ್ಲದೆ ಆಟ ಮಾರುವ ಗಾಗ್‌ನಂಥ (GOG) ಅಂಗಡಿಯಿಂದ ಕೊಂಡರೆ ಅನುಸ್ಥಾಪನಾ ಕಡತವನ್ನೇ ಇಳಿಸಿಕೊಂಡು ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು.

ತಯಾರಿಸುವವರ ಕೆಲಸ ಇದಕ್ಕಿಂತ ಹೆಚ್ಚಿನದು. ತಪಾಸಣೆಯ ಕೋಡನ್ನು ಆಟದ ಉಳಿದ ಭಾಗಗಳೊಂದಿಗೆ ಹೆಣೆಯದೆ, ಒಂದೇ ಕಡೆ ಬಿಚ್ಚಿ ತೆಗೆಯಬಹುದಾದಂತೆ ಇಡಬೇಕು. ಸರ್ವರ್ ‘ಬೇಡ’ ಎಂದಾಗ ಆಟ ನಿಲ್ಲಲಿ. ಸರ್ವರ್ ಉತ್ತರವನ್ನೇ ಕೊಡದಿದ್ದರೆ ಆಟಗಾರರನ್ನು ನಂಬಿ ಒಳಗೆ ಬಿಡಬೇಕು. ಬೀಗವಿಲ್ಲದ ಆವೃತ್ತಿಯನ್ನು ಬಿಡುಗಡೆಯ ದಿನವೇ ಸಿದ್ಧಪಡಿಸಿ ಮೂಲ ಕೋಡಿನ ಜೊತೆ ಕಾಪಿಡಬೇಕು, ಏಕೆಂದರೆ ಹತ್ತು ವರ್ಷಗಳ ನಂತರ ಆ ತಂಡವೂ ಇರುವುದಿಲ್ಲ, ಅಂದಿನ ಉಪಕರಣಗಳೂ ಇರುವುದಿಲ್ಲ.

ಆ ರಾತ್ರಿಯ ಘಟನೆಯ ನಂತರ ನಾನು ಸೇರಿದ ಪ್ರತಿ ತಂಡದಲ್ಲೂ, ಬಿಡುಗಡೆಗೆ ಮುನ್ನ ಒಂದು ಇಡೀ ದಿನ ಪರೀಕ್ಷಾ ಕೊಠಡಿಯ ಸರ್ವರನ್ನು ನಿಲ್ಲಿಸಿ ಆಟವನ್ನು ಆಡಿಸುತ್ತೇವೆ. ಗಡಿಯಾರವನ್ನು ಹತ್ತು ವರ್ಷ ಮುಂದಕ್ಕೆ ಇಟ್ಟು, ಪ್ರಮಾಣಪತ್ರಗಳೆಲ್ಲ ಅವಧಿ ಮೀರಿದ ಸ್ಥಿತಿಯಲ್ಲೂ ಆಡಿಸುತ್ತೇವೆ. ಮೊದಲ ಸಲ ಹೀಗೆ ಮಾಡಿದಾಗ ಆಟವೇನೋ ತೆರೆಯಿತು, ಆದರೆ ಹಿಂದೆ ಉಳಿಸಿದ ಆಟ ಮಾತ್ರ ತೆರೆಯಲಿಲ್ಲ. ಆ ಕಡತಗಳನ್ನು ಬಿಡಿಸುವ ಕೀಲಿ ಸರ್ವರಿನಲ್ಲಿತ್ತು. ಅದನ್ನು ಆಟಗಾರರ ಕಂಪ್ಯೂಟರಿಗೇ ತರಲು ನಮಗೆ ಎರಡು ದಿನ ಹಿಡಿಯಿತು.